ಲೋಹ ಕತ್ತರಿಸುವ ಪ್ಲಾಸ್ಮಾ ಯಂತ್ರವನ್ನು ಹೊಲದ ಬದಿಗೆ ಒಯ್ಯುವ ಗಾಡಿ

ಬೇಸಾಯದ ಕೆಲಸಗಳಲ್ಲಿ ಕೆಲವನ್ನು ನಾಳೆಗೆ ಬಿಟ್ಟರೂ ಹೆಚ್ಚಿನ ನಷ್ಟವಿಲ್ಲ. ಬಿತ್ತನೆಯ ವಿಷಯವು ಹಾಗಲ್ಲ. ಮಳೆ ಬಿದ್ದು ಭೂಮಿಯು ಹದಕ್ಕೆ ಬಂದ ಮೂರು ನಾಲ್ಕು ದಿನಗಳೊಳಗೆ ಉತ್ತು ಹರಗಿ ಬಿತ್ತದಿದ್ದಲ್ಲಿ ಆ ಹದವು ಹಾರಿಹೋಗುವುದು. ಮುಂದಿನ ಮಳೆ ಯಾವಾಗ ಬರುವುದೆಂದು ಹೇಳಬಲ್ಲವರು ಯಾರೂ ಇಲ್ಲ. ಇಂಥ ದಿನಗಳಲ್ಲಿಯೇ ರೋಟವೇಟರಿನ ಪಕ್ಕದ ತಗಡು ಸೀಳುವುದು, ಕಲ್ಟಿವೇಟರಿನ ಚೌಕಟ್ಟು ಬಿರಿಯುವುದು, ಟ್ರೇಲರಿನ ಅಡಿಪಟ್ಟಿ ಬಾಗುವುದು. ವರ್ಷದ ಬಹುಭಾಗ ಕೊಟ್ಟಿಗೆಯ ಮೂಲೆಯಲ್ಲಿದ್ದ ಉಪಕರಣವು ಕೆಲಸಕ್ಕಿಳಿದ ದಿನವೇ ಮುರಿಯುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಕೆಲಸವಿಲ್ಲದಿದ್ದಾಗ ಅದು ಮುರಿಯಲು ಕಾರಣವೂ ಇರುವುದಿಲ್ಲವಷ್ಟೆ.

ಕೆಂಗೇರಿಯಿಂದ ಆಚೆಗಿರುವ ರಾಮೋಹಳ್ಳಿ, ಸೂಲಿಕೆರೆ, ತಾವರೆಕೆರೆ, ಮಾಗಡಿಯ ಕಡೆಯ ಗ್ರಾಮಗಳವರು ಇಂಥ ಸಂದರ್ಭದಲ್ಲಿ ಮುರಿದ ಉಪಕರಣವನ್ನು ಟ್ರೇಲರಿನಲ್ಲಿಯೋ ಸಾಮಾನು ಸಾಗಿಸುವ ಸಣ್ಣ ಮೋಟಾರಿನಲ್ಲಿಯೋ ಹೇರಿಕೊಂಡು ಮಾಗಡಿ ರಸ್ತೆಯ ಸುಂಕದಕಟ್ಟೆಗೆ, ಕಾಮಾಕ್ಷಿಪಾಳ್ಯಕ್ಕೆ ಅಥವಾ ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಹೋಗುವುದುಂಟು. ಕತ್ತರಿಸಿ ಬೆಸುಗೆ ಹಾಕುವ ಕೆಲಸ ಒಂದು ಗಂಟೆಯದು. ಹೇರುವುದು, ಇಳಿಸುವುದು, ನಗರದ ದಟ್ಟಣೆಯಲ್ಲಿ ಹೋಗಿಬರುವುದು, ಅಂಗಡಿಯಲ್ಲಿ ಸರದಿ ಕಾಯುವುದು, ಇವೆಲ್ಲ ಸೇರಿ ಒಂದು ದಿನ, ಕೆಲವೊಮ್ಮೆ ಎರಡು ದಿನ. ಹದದ ಮೂರು ದಿನಗಳಲ್ಲಿ ಎರಡು ದಿನಗಳು ರಸ್ತೆಯಲ್ಲಿ ಕಳೆದರೆ ಉಳಿಯುವುದೆಷ್ಟೆಂಬುದನ್ನು ಭೂಮಾಲೀಕರಿಗೆ ಹೇಳಿಕೊಡಬೇಕಾದುದಿಲ್ಲ.

ಮುರಿದ ಉಪಕರಣವು ಯಂತ್ರದ ಬಳಿಗೆ ಹೋಗುವುದರ ಬದಲಾಗಿ ಕತ್ತರಿಸುವ ಯಂತ್ರವೇ ಉಪಕರಣದ ಬಳಿಗೆ ಬರುವಂತೆ ಮಾಡುವುದು ಹೇಗೆಂಬುದು ಈ ಲೇಖನದ ವಿಷಯ.

ಯಂತ್ರದ ಸ್ವರೂಪ

1949ರಲ್ಲಿ ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ಕೈಗಾರಿಕಾ ಉಪನಗರವಾಗಿ ಆರಂಭವಾದ ರಾಜಾಜಿನಗರದಲ್ಲಿಯೂ, ಅದರಿಂದ ಪಶ್ಚಿಮಕ್ಕೆ ಬೆಳೆದ ಬಡಾವಣೆಗಳ ಸಣ್ಣ ಕಾರ್ಖಾನೆಗಳಲ್ಲಿಯೂ ಕಬ್ಬಿಣದ ತಗಡು ಮತ್ತು ಪಟ್ಟಿಗಳನ್ನು ಕತ್ತರಿಸಲು ಪ್ಲಾಸ್ಮಾ ಯಂತ್ರಗಳನ್ನು ಉಪಯೋಗಿಸುತ್ತಾರೆ. ಅನಿಲವನ್ನು ಅತಿಯಾಗಿ ಕಾಯಿಸಿದಾಗ ಅದು ವಿದ್ಯುತ್ತನ್ನು ತನ್ನ ಮೂಲಕ ಹರಿಯಗೊಡುವ ಒಂದು ವಿಶೇಷ ಸ್ಥಿತಿಯನ್ನು ಹೊಂದುವುದು. ಆಕಾಶದ ಮಿಂಚು ಇದಕ್ಕೆ ಎಲ್ಲರೂ ಕಂಡ ಉದಾಹರಣೆ. ಈ ಸ್ಥಿತಿಗೆ ಪ್ಲಾಸ್ಮಾ ಎಂಬ ಹೆಸರನ್ನು 1928ರಲ್ಲಿ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಎಂಬ ವಿಜ್ಞಾನಿಯು ಕೊಟ್ಟನು. ಇದರಿಂದ ಲೋಹವನ್ನು ಕತ್ತರಿಸುವ ವಿಧಾನಕ್ಕೆ ಅದೇ ದೇಶದ ರಾಬರ್ಟ್ ಗೇಜ್ ಎಂಬವನು 1957ರಲ್ಲಿ ಪೇಟೆಂಟ್ ಪಡೆದನು. ಆ ಕಾಲದ ಯಂತ್ರಗಳು ಭಾರವಾಗಿದ್ದು ಕಾರ್ಖಾನೆಯ ನೆಲವನ್ನು ಬಿಟ್ಟು ಕದಲುವಂತಿರಲಿಲ್ಲ. ಇನ್ವರ್ಟರ್ ಎಂಬ ವಿದ್ಯುತ್ ಜೋಡಣೆಯು ಬಂದ ಮೇಲೆ ಅದೇ ಕೆಲಸವನ್ನು ಮಾಡುವ ಯಂತ್ರವು ಒಬ್ಬನು ಕೈಯಲ್ಲಿ ಎತ್ತಬಹುದಾದ ಪೆಟ್ಟಿಗೆಯಾಯಿತು.

ಯಂತ್ರದ ಕೈಹಿಡಿಯನ್ನು ಟಾರ್ಚು ಎನ್ನುತ್ತಾರೆ. ಅದರ ತುದಿಯಲ್ಲಿ ತಾಮ್ರದ ಒಂದು ಎಲೆಕ್ಟ್ರೋಡೂ, ಅದನ್ನು ಮುಚ್ಚಿದಂತೆ ಸಣ್ಣ ರಂಧ್ರವುಳ್ಳ ತಾಮ್ರದ ನಾಜಲೂ ಇರುವುವು. ಎಲೆಕ್ಟ್ರೋಡಿನ ತುದಿಯಲ್ಲಿ ಹ್ಯಾಫ್ನಿಯಮ್ ಎಂಬ ಲೋಹದ ಚುಕ್ಕೆಯುಂಟು. ಒತ್ತಡದ ಗಾಳಿಯು ಈ ರಂಧ್ರದಿಂದ ಹೊರಬರುವಾಗ ಅದರೊಳಗೆ ವಿದ್ಯುತ್ತಿನ ಜ್ವಾಲೆ ಹರಿದು, ಇಪ್ಪತ್ತು ಸಾವಿರ ಸೆಂಟಿಗ್ರೇಡ್ ಡಿಗ್ರಿಯವರೆಗೂ ಕಾದು, ಎದುರಿಗಿರುವ ಲೋಹವನ್ನು ಕರಗಿಸುವುದು. ಕರಗಿದ ಲೋಹವನ್ನು ಅದೇ ಗಾಳಿಯು ಕೆಳಕ್ಕೆ ಊದಿಬಿಡುವುದು. ಆದಕಾರಣ ಇದಕ್ಕೆ ಬೇಕಾದುವು ಎರಡೇ: ವಿದ್ಯುತ್ತು ಮತ್ತು ಗಾಳಿ. ಗ್ಯಾಸಿನಿಂದ ಕತ್ತರಿಸುವಲ್ಲಿ ಆಮ್ಲಜನಕದ ಸಿಲಿಂಡರನ್ನು ಹೊತ್ತು ತರಬೇಕು, ಮುಗಿದಾಗ ತುಂಬಿಸಲು ನಗರಕ್ಕೆ ಹೋಗಬೇಕು. ಅಲ್ಲದೆ ಆಮ್ಲಜನಕವು ಕಬ್ಬಿಣವನ್ನು ಸುಟ್ಟು ಕತ್ತರಿಸುವುದಾದುದರಿಂದ ಸುಲಭವಾಗಿ ಸುಡದ ಸ್ಟೇನ್‌ಲೆಸ್ ಸ್ಟೀಲು ಮತ್ತು ಅಲ್ಯೂಮಿನಿಯಮ್ಮುಗಳ ಮೇಲೆ ಅದರ ಆಟ ಸಾಗದು. ಪ್ಲಾಸ್ಮಾ ಯಂತ್ರಕ್ಕೆ ಆ ಭೇದವಿಲ್ಲ. ವಿದ್ಯುತ್ತು ಹರಿಯುವ ಯಾವ ಲೋಹವಾದರೂ ಆಗಬಹುದು. ತೆಳು ತಗಡು ಕೂಡ ಸೊಟ್ಟಗಾಗದೆ ಬರುವುದು.

ಆದರೆ ಇದರ ಮಿತಿಯನ್ನೂ ತಿಳಿದಿರತಕ್ಕದ್ದು. ಗ್ರಾಮಗಳಲ್ಲಿ ಉಪಯೋಗಿಸಬಹುದಾದ 40 ಆಂಪಿಯರಿನ ಯಂತ್ರವು 10ರಿಂದ 12 ಮಿಲಿಮೀಟರು, ಅಂದರೆ ಸುಮಾರು ಅರ್ಧ ಅಂಗುಲದ ದಪ್ಪದವರೆಗೆ ಮಾತ್ರ ಚೆನ್ನಾಗಿ ಕತ್ತರಿಸುವುದು. ಉಪಕರಣಗಳ ತಗಡು, ಪಟ್ಟಿ, ಚೌಕ ಕೊಳವೆ, ಗೇಟು, ದನದ ಕೊಟ್ಟಿಗೆಯ ಸರಳು, ಕೆಸರು ಗದ್ದೆಯ ಪಂಜರಗಾಲಿ ಇವೆಲ್ಲ ಈ ಮಿತಿಯೊಳಗೆ ಬರುವುವು. ದಪ್ಪ ಅಚ್ಚು, ದಿಂಡುಗಳಿಗೆ ಗ್ಯಾಸೇ ಸರಿ. ಪ್ಲಾಸ್ಮಾ ಬಂದಿತೆಂದು ಊರಿನ ಕುಲುಮೆಯನ್ನೂ ಗ್ಯಾಸಿನ ಸಾಮಾನನ್ನೂ ಹೊರಗೆಸೆಯುವುದು ಜಾಣತನವಲ್ಲ.

ಭಾರವಿರುವುದು ಎಲ್ಲಿ?

ಅಂಗಡಿಯಲ್ಲಿ ಯಂತ್ರವನ್ನು ನೋಡಿದವರಿಗೆ ಪೆಟ್ಟಿಗೆಯ ಮೇಲಿನ ಹಿಡಿಕೆಯೇ ಮೊದಲು ಕಣ್ಣಿಗೆ ಬೀಳುವುದು. ಹತ್ತು ಹನ್ನೆರಡು ಕಿಲೋ ತೂಗುವ ಈ ಪೆಟ್ಟಿಗೆಯನ್ನು ಸೈಕಲ್ ಮೋಟಾರಿನ ಹಿಂದೆ ಕಟ್ಟಿಕೊಂಡು ಹೊಲಕ್ಕೆ ಹೋಗಬಹುದೆಂದು ಎಣಿಸಿ ಕೊಂಡುಕೊಂಡವರು ಮನೆಗೆ ಬಂದ ಮೇಲೆ ಮಿಕ್ಕ ಸಾಮಾನುಗಳ ಲೆಕ್ಕ ಹಾಕುತ್ತಾರೆ. ಕಂಪ್ರೆಸರ್ ಎಂಬ ಗಾಳಿ ಒತ್ತುವ ಯಂತ್ರವೇ 40 ಕಿಲೋ. ಅದರ ರಬ್ಬರು ಕೊಳವೆ, ನೀರು ಸೋಸುವ ಫಿಲ್ಟರು, ಉದ್ದನೆಯ ವಿದ್ಯುತ್ ಕೇಬಲು, ನೆಲತಂತಿಯ ಕ್ಲಾಂಪು, ನಾಜಲುಗಳ ಡಬ್ಬಿ, ಕಪ್ಪು ಕನ್ನಡಕ, ಕೈಚೀಲ. ಇವುಗಳಲ್ಲಿ ಒಂದನ್ನು ಮರೆತರೂ ಹೊಲದಿಂದ ಊರಿಗೆ ಮತ್ತೊಂದು ಪ್ರಯಾಣ. ಎಲ್ಲವೂ ಬಂದಿದ್ದರೂ ಬಿಚ್ಚಿ, ಹರಡಿ, ಜೋಡಿಸಿ, ಸೋರುವ ಕಡೆ ಬಿಗಿದು ಮೊದಲನೆಯ ಕಿಡಿ ಹಾರುವ ಹೊತ್ತಿಗೆ ಕತ್ತರಿಸುವ ಕೆಲಸಕ್ಕಿಂತ ಹೆಚ್ಚು ಕಾಲ ಹೋಗಿರುವುದು.

ಆದುದರಿಂದ ಯಂತ್ರದ ಪೆಟ್ಟಿಗೆಯನ್ನು ಇನ್ನೂ ಹಗುರ ಮಾಡುವ ಪ್ರಯತ್ನದಿಂದ ಫಲವಿಲ್ಲ. ಎಲ್ಲವನ್ನೂ ಒಂದೇ ಚೌಕಟ್ಟಿನ ಮೇಲೆ ಶಾಶ್ವತವಾಗಿ ಜೋಡಿಸಿ, ಹೊಲದಲ್ಲಿ ಮಾಡಬೇಕಾದ ಜೋಡಣೆಯನ್ನು ಎರಡಕ್ಕೆ ಇಳಿಸುವುದೇ ಸರಿಯಾದ ಮಾರ್ಗ: ವಿದ್ಯುತ್ತಿನ ಒಂದು ಪ್ಲಗ್ಗನ್ನು ಚುಚ್ಚುವುದು, ಲೋಹಕ್ಕೆ ಒಂದು ಕ್ಲಾಂಪನ್ನು ಕಚ್ಚಿಸುವುದು.

ಗಾಡಿಯ ರಚನೆ

ಒಂದೂವರೆ ಅಂಗುಲದ ಚೌಕ ಕೊಳವೆಯಿಂದ ಎರಡೂವರೆ ಅಡಿ ಉದ್ದ, ಎರಡಡಿಗೆ ಸ್ವಲ್ಪ ಕಡಿಮೆ ಅಗಲದ ಚೌಕಟ್ಟನ್ನು ಮಾಡಿಸತಕ್ಕದ್ದು. ಇದಕ್ಕೆ ಬೇಕಾದ ಕೊಳವೆ, ಗಾಲಿ, ಗಾಳಿಯ ಕೊಂಡಿಗಳೆಲ್ಲ ಬೆಂಗಳೂರಿನ ಪಶ್ಚಿಮ ಭಾಗದಲ್ಲಿಯೇ ಸಿಕ್ಕುವುವು; ಫ್ಯಾಬ್ರಿಕೇಷನ್ ಅಂಗಡಿಯವರಿಗೆ ಅಳತೆಯನ್ನು ಬರೆದುಕೊಟ್ಟರೆ ಸಾಕು. ಸಾಧಾರಣವಾಗಿ ಅಂಗಡಿಯವರು ನಾಲ್ಕು ಸಣ್ಣ ಉರುಳುಗಾಲಿಗಳನ್ನು ಹಾಕುವ ಮಾತಾಡುತ್ತಾರೆ. ಸಿಮೆಂಟಿನ ನೆಲಕ್ಕೆ ಅವು ಚೆಂದ. ಉತ್ತ ಹೊಲದ ಬದುವಿನಲ್ಲಿ ಅವು ಹೂತು ನಿಲ್ಲುವುವು. ಹತ್ತು ಅಥವಾ ಹನ್ನೆರಡು ಅಂಗುಲದ, ಗಾಳಿ ತುಂಬುವ ಎರಡು ದೊಡ್ಡ ಗಾಲಿಗಳೂ, ಹಿಡಿಕೆಯ ಕಡೆ ನೆಲಕ್ಕೂರುವ ಎರಡು ಕಾಲುಗಳೂ ಇರಬೇಕು.

ಅಚ್ಚನ್ನು ಎಲ್ಲಿ ಇಡಬೇಕೆಂಬುದನ್ನು ಎತ್ತಿನ ಗಾಡಿಯನ್ನು ಬಲ್ಲವರು ಕೂಡಲೇ ತಿಳಿಯುವರು. ಹೇರು ಹಿಂದಕ್ಕಾದರೆ ಮೂಕಿ ಮೇಲೇಳುವುದು, ಮುಂದಕ್ಕಾದರೆ ಎತ್ತಿನ ಹೆಗಲು ನೋಯುವುದು. ಇಲ್ಲಿ ಎತ್ತಿನ ಬದಲು ಮನುಷ್ಯನ ಕೈ. ಎಲ್ಲ ಸಾಮಾನು ಸೇರಿ ಗಾಡಿಯು 80ರಿಂದ 90 ಕಿಲೋ ತೂಗುವುದು. ಭಾರದ ನಡುವಿನಿಂದ ನಾಲ್ಕು ಅಂಗುಲದಷ್ಟು ಆಚೆಗೆ, ಅಂದರೆ ಹಿಡಿಕೆಯಿಂದ ದೂರದ ಕಡೆಗೆ, ಅಚ್ಚು ಬರುವಂತೆ ಮಾಡಿ, ಅಚ್ಚಿನಿಂದ ಹಿಡಿಕೆಗೆ ಮೂರು ಅಡಿ ಬಿಟ್ಟರೆ ತಳ್ಳುವವನ ಕೈಗೆ ಒಂಬತ್ತು ಹತ್ತು ಕಿಲೋ ಮಾತ್ರ ಭಾರ ಬೀಳುವುದು. ಅಚ್ಚನ್ನು ಬೆಸೆಯುವುದಕ್ಕೆ ಮುಂಚೆ ಸಾಮಾನುಗಳನ್ನೆಲ್ಲ ಚೌಕಟ್ಟಿನ ಮೇಲೆ ಇಟ್ಟು, ಒಂದು ಕೊಳವೆಯ ಮೇಲೆ ತೂಗಾಡಿಸಿ ನಡುವನ್ನು ಗುರುತಿಸಿಕೊಳ್ಳುವುದು ಲೆಕ್ಕ ಹಾಕುವುದಕ್ಕಿಂತ ಮೇಲು. ಹಿಡಿಕೆಯನ್ನು ಕೀಲು ಹಾಕಿ ಮಡಿಸುವಂತೆ ಮಾಡಿದರೆ ಸಾಮಾನು ಮೋಟಾರಿನಲ್ಲಿ ಜಾಗ ಉಳಿಯುವುದು. ಏರಿಸಲು ಇಳಿಸಲು ಆರಡಿಯ ಎರಡು ಹಲಗೆಗಳಿದ್ದರೆ ಇಬ್ಬರು ಸಾಕು.

ಕಂಪ್ರೆಸರನ್ನು ಕೆಳಗೆ, ಅಚ್ಚಿನ ಮೇಲೆಯೇ ಕೂರಿಸತಕ್ಕದ್ದು. ಪ್ಲಾಸ್ಮಾ ಪೆಟ್ಟಿಗೆಯು ಮೇಲಿನ ಅಂತಸ್ತಿನಲ್ಲಿರಲಿ. ಎರಡನ್ನೂ ಒಂದೇ ಚೌಕಟ್ಟಿಗೆ ಬಿಗಿಯುವುದರಲ್ಲಿ ಒಂದು ಅಪಾಯವುಂಟು. ಕಂಪ್ರೆಸರು ಓಡುವಾಗ ನಡುಗುವುದು. ಪ್ಲಾಸ್ಮಾ ಪೆಟ್ಟಿಗೆಯೊಳಗೆ ಸೂಕ್ಷ್ಮವಾದ ಬೆಸುಗೆಗಳಿರುವ ಹಲಗೆಗಳುಂಟು. ನಡುಕವು ಮೇಲಕ್ಕೆ ಹೋದರೆ ಕೆಲವು ತಿಂಗಳಲ್ಲಿ ಬೆಸುಗೆ ಬಿಡುವುದು. ಆದುದರಿಂದ ಕಂಪ್ರೆಸರಿನ ನಾಲ್ಕು ಕಾಲುಗಳ ಕೆಳಗೂ ಪೆಟ್ಟಿಗೆಯ ಕೆಳಗೂ ದಪ್ಪ ರಬ್ಬರನ್ನು ಹಾಕಿ, ಬೋಲ್ಟುಗಳನ್ನು ರಬ್ಬರು ನಜ್ಜಾಗುವಷ್ಟು ಬಿಗಿಯದೆ ಬಿಡಬೇಕು. ಹಳೆಯ ಲಾರಿಯ ಟೈರಿನ ತುಂಡುಗಳು ಈ ಕೆಲಸಕ್ಕೆ ಒಳ್ಳೆಯವು.

ಪೆಟ್ಟಿಗೆಯ ಹಿಂದೆಯೂ ಮುಂದೆಯೂ ಅರ್ಧ ಅಡಿ ತೆರವಿರಬೇಕು. ಕಂಪ್ರೆಸರಿನ ತಲೆಯಿಂದೇಳುವ ಬಿಸಿಗಾಳಿಯನ್ನು ಪೆಟ್ಟಿಗೆಯ ಫ್ಯಾನು ಒಳಗೆಳೆಯುವಂತಿರಬಾರದು. ಕತ್ತರಿಸುವಾಗ ಹಾರುವ ಕಬ್ಬಿಣದ ಪುಡಿಯು ವಿದ್ಯುತ್ತನ್ನು ಹರಿಯಗೊಡುವುದರಿಂದ ಅದು ಒಳಹೊಕ್ಕರೆ ಪೆಟ್ಟಿಗೆಗೆ ಮೃತ್ಯು. ಫ್ಯಾನಿನ ಬಾಯಿಯು ಕೆಲಸದ ಕಡೆಗೆ ಬೆನ್ನು ಮಾಡಿರತಕ್ಕದ್ದು.

ಟಾರ್ಚಿನ ಕೇಬಲಿಗೂ ನೆಲತಂತಿಗೂ ಚೌಕಟ್ಟಿನ ಎರಡು ಪಕ್ಕಗಳಲ್ಲಿ ಬೇರೆ ಬೇರೆ ಕೊಕ್ಕೆಗಳಿರಲಿ. ಒಂದೇ ಕೊಕ್ಕೆಗೆ ಎರಡನ್ನೂ ಸುತ್ತಿದರೆ ಬಿಡಿಸುವುದರಲ್ಲಿಯೇ ಹೊತ್ತು ಹೋಗುವುದು. ಯಂತ್ರದೊಡನೆ ಕೊಡುವ ನೆಲತಂತಿಯು ಸಾಧಾರಣವಾಗಿ ಬಹಳ ಗಿಡ್ಡ. ಅದನ್ನು ತೆಗೆದು ಅದೇ ದಪ್ಪದ ಅಥವಾ ಹೆಚ್ಚು ದಪ್ಪದ ತಾಮ್ರದ ತಂತಿಯನ್ನು ಟಾರ್ಚಿನಷ್ಟೇ ಉದ್ದಕ್ಕೆ ಹಾಕಿಸಿದರೆ ಗಾಡಿಯನ್ನು ಮತ್ತೆ ಮತ್ತೆ ಸರಿಸುವ ಶ್ರಮ ತಪ್ಪುವುದು. ನಾಜಲು, ಎಲೆಕ್ಟ್ರೋಡುಗಳಿಗೆ ಮುಚ್ಚಳದ ತಗಡಿನ ಪೆಟ್ಟಿಗೆಯೊಂದನ್ನು ಚೌಕಟ್ಟಿಗೇ ಬೆಸೆದಿಡುವುದು ಮೇಲು. ಜೇಬಿನಲ್ಲಿಟ್ಟ ನಾಜಲುಗಳು ಬೇಕಾದಾಗ ಸಿಕ್ಕುವುದಿಲ್ಲ.

ಗಾಳಿ ಮತ್ತು ಅದರೊಳಗಿನ ನೀರು

ಈ ಯಂತ್ರವನ್ನು ಕೆಡಿಸುವ ಶತ್ರುಗಳಲ್ಲಿ ನೀರು ಮೊದಲನೆಯದು. ಗಾಳಿಯನ್ನು ಒತ್ತಿದಾಗ ಅದು ಕಾಯುವುದು. ಕಾದ ಗಾಳಿಯಲ್ಲಿ ನೀರು ಆವಿಯಾಗಿ ಅಡಗಿರುವುದು. ಅದು ತಣಿದ ಮೇಲಲ್ಲದೆ ಹನಿಯಾಗದು. ಹಲವರು ಫಿಲ್ಟರನ್ನು ಕಂಪ್ರೆಸರಿನ ಬಾಯಿಗೇ ಬಿಗಿದು ತಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯುತ್ತಾರೆ. ಅಲ್ಲಿ ಗಾಳಿಯು ಇನ್ನೂ ಬಿಸಿಯಾಗಿರುವುದರಿಂದ ಆವಿಯು ಫಿಲ್ಟರನ್ನು ದಾಟಿ ಹೋಗಿ, ಮುಂದಿನ ಕೊಳವೆಯಲ್ಲಿ ತಣಿದು, ಟಾರ್ಚಿನೊಳಗೆ ಹನಿಯಾಗಿ ಬೀಳುವುದು. ಎಲೆಕ್ಟ್ರೋಡು ಬೇಗ ಸವೆಯುವುದು, ಕತ್ತರಿಸಿದ ಅಂಚು ಒರಟಾಗುವುದು, ಜ್ವಾಲೆ ಉಗುಳುವುದು. ಆಗ ಯಂತ್ರವು ಕಳಪೆಯೆಂದು ಅಂಗಡಿಯವನ ಮೇಲೆ ದೂರು.

ಇದಕ್ಕೆ ಪರಿಹಾರವು ಸುಲಭ. ಕಂಪ್ರೆಸರಿನ ಟ್ಯಾಂಕಿನಿಂದ ಹೊರಟ ಗಾಳಿಯನ್ನು ಮೂರು ನಾಲ್ಕು ಮೀಟರು ಉದ್ದದ ತಾಮ್ರದ ಕೊಳವೆಯ ಸುರುಳಿಯಲ್ಲಿ ಸುತ್ತಿಸಿ, ಅದು ತಣಿದ ಮೇಲೆ ಫಿಲ್ಟರಿಗೆ ಬಿಡತಕ್ಕದ್ದು. ಸುರುಳಿಯನ್ನು ಚೌಕಟ್ಟಿನ ಒಂದು ಪಕ್ಕಕ್ಕೆ, ಬಿಸಿಲು ಬೀಳದ ಕಡೆ, ನೀರು ಕೆಳಕ್ಕೆ ಇಳಿಯುವಂತೆ ಓರೆಯಾಗಿ ಕಟ್ಟಿ, ಅದರ ಕೆಳತುದಿಯಲ್ಲಿ ಫಿಲ್ಟರನ್ನು ನೆಟ್ಟಗೆ ನಿಲ್ಲಿಸಿದರೆ ಹನಿಗಳು ತಾವಾಗಿಯೇ ಬಟ್ಟಲಿಗೆ ಬೀಳುವುವು. ಫಿಲ್ಟರಿನಿಂದ ಪೆಟ್ಟಿಗೆಗೆ ಒಂದಡಿಯ ಕೊಳವೆ ಸಾಕು. ಗಾಡಿಯ ಮೇಲೆ ಎಲ್ಲವನ್ನೂ ಜೋಡಿಸುವುದರ ದೊಡ್ಡ ಲಾಭಗಳಲ್ಲಿ ಇದೊಂದು: ದಿನವೂ ಬಿಚ್ಚಿ ಹಾಕುವ ಕೊಳವೆಗಳಲ್ಲಿ ಇಂಥ ವ್ಯವಸ್ಥೆಯನ್ನು ಯಾರೂ ಮಾಡುವುದಿಲ್ಲ.

ಗಾಳಿಯ ಪ್ರಮಾಣದ ಲೆಕ್ಕವನ್ನೂ ಒಮ್ಮೆ ನೋಡಬೇಕು. 40 ಆಂಪಿಯರಿನ ಯಂತ್ರಕ್ಕೆ ಚದರ ಅಂಗುಲಕ್ಕೆ 65ರಿಂದ 75 ಪೌಂಡು, ಅಂದರೆ ಸುಮಾರು 5 ಬಾರ್ ಒತ್ತಡದಲ್ಲಿ, ನಿಮಿಷಕ್ಕೆ ಹೆಚ್ಚುಕಡಿಮೆ 130 ಲೀಟರು ಗಾಳಿ ಬೇಕು. ಟ್ಯಾಂಕು 50 ಲೀಟರಿನದಾಗಿದ್ದು 8 ಬಾರ್‌ವರೆಗೆ ತುಂಬಿದ್ದರೆ, 5 ಬಾರಿಗೆ ಇಳಿಯುವುದರೊಳಗೆ ಅದು ಕೊಡುವುದು 50ರ ಮೂರರಷ್ಟು, ಎಂದರೆ 150 ಲೀಟರು. ಕಂಪ್ರೆಸರು ಓಡದಿದ್ದರೆ ಒಂದು ನಿಮಿಷದ ಕೆಲಸವಷ್ಟೆ. ಎರಡು ಕುದುರೆ ಶಕ್ತಿಯ ಕಂಪ್ರೆಸರು ಓಡುತ್ತಿದ್ದು ನಿಮಿಷಕ್ಕೆ 100 ಲೀಟರು ಕೊಡುತ್ತಿದ್ದರೆ ಕೊರತೆ 30 ಲೀಟರು ಮಾತ್ರವಾಗಿ ಐದು ನಿಮಿಷ ನಡೆಯುವುದು. ಹೊಲದಲ್ಲಿ ಒಂದೇ ಸಮನೆ ಐದು ನಿಮಿಷ ಕತ್ತರಿಸುವ ಕೆಲಸ ಅಪರೂಪ. ಆದುದರಿಂದ ಇದಕ್ಕಿಂತ ದೊಡ್ಡ ಕಂಪ್ರೆಸರನ್ನು ಕೊಂಡು ಗಾಡಿಯನ್ನು ಭಾರ ಮಾಡಿಕೊಳ್ಳಬೇಕಾದುದಿಲ್ಲ. ತಗಡಿನ ಮೇಲೆ ಮಾರುವವರು ಬರೆದಿರುವ ಅಂಕಿಯು ಪಿಸ್ಟನ್ನು ಸರಿಸುವ ಗಾಳಿಯದೋ ನಿಜವಾಗಿ ಹೊರಬರುವ ಗಾಳಿಯದೋ ಎಂಬುದನ್ನು ಕೇಳಿಕೊಳ್ಳಬೇಕು. ಇವೆರಡಕ್ಕೂ ಅಂತರ ಬಹಳ.

ವಿದ್ಯುತ್ತಿನ ವಿಷಯ

ಪೂರ್ಣ ಶಕ್ತಿಯಲ್ಲಿ ಕೆಲಸ ಮಾಡುವಾಗ ಈ ಯಂತ್ರವು 230 ವೋಲ್ಟಿನ ಸಿಂಗಲ್ ಫೇಸಿನಿಂದ 25ರಿಂದ 30 ಆಂಪಿಯರನ್ನು ಎಳೆಯುವುದು. ಕಂಪ್ರೆಸರಿನ ಮೋಟಾರು ಇನ್ನು ಹತ್ತು ಆಂಪಿಯರು. ಅದು ಹೊರಡುವ ಕ್ಷಣದಲ್ಲಿ ಅದರ ಐದಾರು ಪಾಲು. ಮನೆಯ 16 ಆಂಪಿಯರಿನ ಸಾಕೆಟ್ಟಿಗೆ ಇದು ತಕ್ಕುದಲ್ಲ. ಗಾಡಿಯ ಮೇಲೆ ಈ ಎರಡರ ಒಟ್ಟು ಎಳೆತಕ್ಕೆ ತಕ್ಕ ಕೈಗಾರಿಕಾ ಪ್ಲಗ್ಗು, ಎಂ.ಸಿ.ಬಿ. ಮತ್ತು ವಿದ್ಯುತ್ತು ಸೋರಿದರೆ ಕಡಿದುಹಾಕುವ ಆರ್.ಸಿ.ಸಿ.ಬಿ. ಇರುವ ಒಂದು ಬೋರ್ಡನ್ನು ಹಾಕಿಸಿ, ಪ್ಲಾಸ್ಮಾ ಪೆಟ್ಟಿಗೆಗೊಂದು, ಕಂಪ್ರೆಸರಿಗೊಂದು ಬೇರೆ ಬೇರೆ ಸ್ವಿಚ್ಚುಗಳನ್ನು ಇಡತಕ್ಕದ್ದು. ಈ ಎರಡು ಸ್ವಿಚ್ಚುಗಳ ಪ್ರಯೋಜನವು ಹಳ್ಳಿಯಲ್ಲಿ ಹೆಚ್ಚು. ಕತ್ತರಿಸುತ್ತಿರುವಾಗ ಟ್ಯಾಂಕಿನ ಒತ್ತಡ ಇಳಿದು ಕಂಪ್ರೆಸರು ತಾನಾಗಿಯೇ ಹೊರಟರೆ ವೋಲ್ಟೇಜು ಕುಸಿದು ಜ್ವಾಲೆ ಆರುವುದು. ವಿದ್ಯುತ್ತು ದುರ್ಬಲವಾಗಿರುವ ಕಡೆ ಮೊದಲು ಟ್ಯಾಂಕನ್ನು ತುಂಬಿಸಿ, ಕಂಪ್ರೆಸರಿನ ಸ್ವಿಚ್ಚನ್ನು ಆರಿಸಿ, ಮೇಲೆ ಹೇಳಿದ ಒಂದು ನಿಮಿಷದ ಗಾಳಿಯಲ್ಲಿ ಕತ್ತರಿಸಿ, ನಿಲ್ಲಿಸಿ, ಮತ್ತೆ ತುಂಬಿಸುವುದು ನಿಧಾನವಾದರೂ ನಂಬಬಹುದಾದ ಕ್ರಮ. ತೆಳು ತಗಡಿಗೆ 20 ಆಂಪಿಯರು ಸಾಕಾಗುವುದು. ಆಗ ಎಳೆತವೂ ಅರ್ಧವಾಗುವುದು.

ಕೇಬಲಿನ ದಪ್ಪವನ್ನು ಕುರಿತು ಉಳಿತಾಯ ಮಾಡಕೂಡದು. 50 ಮೀಟರು ದೂರಕ್ಕೆ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಎಳೆದು 25 ಆಂಪಿಯರು ಹರಿಸಿದರೆ ದಾರಿಯಲ್ಲಿಯೇ 30 ವೋಲ್ಟು ನಷ್ಟವಾಗಿ, 230 ಹೋಗಿ 200 ಉಳಿಯುವುದು. ತಂತಿಯ ಹೊದಿಕೆ ಕರಗುವ ಭಯವೂ ಉಂಟು. ನಾಲ್ಕು ಚದರ ಮಿಲಿಮೀಟರಿನದಾದರೆ ನಷ್ಟವು 12 ವೋಲ್ಟಿನೊಳಗೆ. ಕೇಬಲನ್ನು ರಾಟೆಯಲ್ಲಿ ಸುತ್ತಿಟ್ಟುಕೊಂಡೇ ಕೆಲಸ ಮಾಡಿದರೂ ಅದು ಕಾಯುವುದು. ಪೂರ್ತಿಯಾಗಿ ಬಿಚ್ಚಿ ನೆಲದ ಮೇಲೆ ಹಾಸಬೇಕು.

ಹೊಲದಲ್ಲಿ ಪಂಪುಸೆಟ್ಟಿನ ಮೂರು ಫೇಸುಗಳು ಕೈಗೆಟಕುವಂತಿರುವುದನ್ನು ಕಂಡು ಅದರಿಂದ ತಂತಿ ಎಳೆಯುವ ಆಸೆ ಹುಟ್ಟುವುದು ಸಹಜ. ನೀರಾವರಿಗೆಂದು ಕೊಟ್ಟ ಸಂಪರ್ಕವನ್ನು ಬೇರೆ ಕೆಲಸಕ್ಕೆ ಬಳಸುವುದು ನಿಯಮಕ್ಕೆ ವಿರುದ್ಧ. ಅದಿರಲಿ, ಎರಡು ಫೇಸುಗಳ ನಡುವೆ ಸುಮಾರು 415 ವೋಲ್ಟಿರುವುದರಿಂದ 230 ವೋಲ್ಟಿನ ಯಂತ್ರವು ಒಂದು ಕ್ಷಣದಲ್ಲಿ ಸುಟ್ಟುಹೋಗುವುದು. ವಿದ್ಯುತ್ತಿಲ್ಲದ ಕಡೆ 10 ಕೆ.ವಿ.ಎ. ಜನರೇಟರು ಬೇಕು. ಟ್ರ್ಯಾಕ್ಟರಿನ ಪಿ.ಟಿ.ಓ. ದಂಡಕ್ಕೆ ಜೋಡಿಸುವ ಆಲ್ಟರ್ನೇಟರುಗಳು ದೊರೆಯುವುದರಿಂದ, ಟ್ರ್ಯಾಕ್ಟರು ಇರುವವರಿಗೆ ಬೇರೊಂದು ಎಂಜಿನ್ನನ್ನು ಸಾಕುವ ಖರ್ಚಿಲ್ಲ. ಯಾವುದಾದರೂ ಆಗಲಿ, ಗಾಡಿಯ ಚೌಕಟ್ಟು ನೆಲತಂತಿಗೆ ಸೇರಿರತಕ್ಕದ್ದು.

ಯಂತ್ರವನ್ನು ಆರಿಸುವಾಗ ಒಂದು ಮಾತು. ಜ್ವಾಲೆಯನ್ನು ಹೊತ್ತಿಸುವ ವಿಧಾನಗಳು ಎರಡು. ಹೈ ಫ್ರೀಕ್ವೆನ್ಸಿಯ ಕಿಡಿಯಿಂದ ಹೊತ್ತಿಸುವ ಯಂತ್ರಗಳು ಹತ್ತಿರದ ಎಲೆಕ್ಟ್ರಾನಿಕ್ ಉಪಕರಣಗಳಿಗೆ ತೊಂದರೆ ಕೊಡುವುದುಂಟು. ಗಾಳಿಯ ಒತ್ತಡದಿಂದ ಎಲೆಕ್ಟ್ರೋಡು ಹಿಂದಕ್ಕೆ ಸರಿದು ಹೊತ್ತುವ, ಪೈಲಟ್ ಆರ್ಕ್ ಇರುವ ಟಾರ್ಚು ರೈತರ ಕೆಲಸಕ್ಕೆ ಮೇಲು. ತುಕ್ಕು, ಬಣ್ಣ ಹಿಡಿದ ಲೋಹದ ಮೇಲೂ ಅದು ಸುಲಭವಾಗಿ ಹೊತ್ತುವುದು.

ಹೊಲದಲ್ಲಿ ಕೆಲಸ

ಗಾಡಿಯನ್ನು ಗಾಳಿ ಬೀಸುವ ಕಡೆಗೆ ನಿಲ್ಲಿಸಿ, ಕಿಡಿಗಳು ಗಾಡಿಯಿಂದ ಆಚೆಗೆ ಹಾರುವಂತೆ ನಿಲ್ಲಬೇಕು. ಕ್ಲಾಂಪು ಕಚ್ಚುವ ಜಾಗದಲ್ಲಿ ಮಣ್ಣು, ಬಣ್ಣ, ತುಕ್ಕನ್ನು ಉಜ್ಜಿ ಲೋಹವನ್ನು ಕಾಣಿಸತಕ್ಕದ್ದು. ಕತ್ತರಿಸುವ ಭಾಗಕ್ಕೇ, ಸಾಧ್ಯವಾದಷ್ಟು ಹತ್ತಿರದಲ್ಲಿ ಕ್ಲಾಂಪು ಹಾಕಬೇಕೇ ಹೊರತು ದೂರದ ಎಲ್ಲಿಗೋ ಅಲ್ಲ. ರೋಟವೇಟರಿನ ಬೇರಿಂಗುಗಳ ಮೂಲಕ ವಿದ್ಯುತ್ತು ಹರಿದರೆ ಅವುಗಳ ಗುಂಡುಗಳ ಮೇಲೆ ಕಲೆ ಬಿದ್ದು ಒಂದು ರಿಪೇರಿಗೆ ಹೋಗಿ ಇನ್ನೊಂದನ್ನು ತಂದುಕೊಂಡಂತಾಗುವುದು. ಉಪಕರಣವು ಟ್ರ್ಯಾಕ್ಟರಿಗೆ ಜೋಡಿಸಿಯೇ ಇದ್ದರೆ ಮೊದಲು ಬಿಚ್ಚಬೇಕು. ಬಿಚ್ಚಲಾಗದಿದ್ದರೆ ಬ್ಯಾಟರಿಯ ತಂತಿಗಳನ್ನಾದರೂ ಕಳಚತಕ್ಕದ್ದು.

ಕೈನಡುಕದಿಂದ ಸೊಟ್ಟಗಾಗುವುದನ್ನು ತಪ್ಪಿಸಲು ಎಲ್-ಪಟ್ಟಿಯೊಂದನ್ನು ಕತ್ತರಿಸುವ ಗೆರೆಗೆ ಒತ್ತಾಗಿ ಬಿಗಿದು ಟಾರ್ಚನ್ನು ಅದರ ಆಸರೆಯಲ್ಲಿ ಎಳೆಯಬಹುದು. ಕಿಡಿಗಳು ಲೋಹದ ಕೆಳಗಿನಿಂದ ಸುರಿಯುತ್ತಿದ್ದರೆ ವೇಗವು ಸರಿ. ಮೇಲಕ್ಕೆ ಚಿಮ್ಮಿದರೆ ಕೈಯು ಬೇಗ ಹೋಗುತ್ತಿದೆಯೆಂದು ತಿಳಿಯಬೇಕು. ಕಲ್ಟಿವೇಟರಿನ ಹಲ್ಲುಗಳಂಥ ಗಟ್ಟಿ ಉಕ್ಕನ್ನು ಕತ್ತರಿಸಿದಾಗ ಅಂಚು ಮತ್ತಷ್ಟು ಗಡುಸಾಗುವುದು. ಅಂಚನ್ನು ಒಂದು ಮಿಲಿಮೀಟರಿನಷ್ಟು ಉಜ್ಜಿ ತೆಗೆಯದೆ ಅಲ್ಲಿ ಬೈರಿಗೆ ಹಾಕಿದರೆ ಬೈರಿಗೆಯೇ ಮೊಂಡಾಗುವುದು. ಕೆಲಸ ಮುಗಿದು ಗುಂಡಿಯನ್ನು ಬಿಟ್ಟ ಮೇಲೂ ಕೆಲವು ಕ್ಷಣ ಗಾಳಿ ಊದುತ್ತಿರುವುದು ಟಾರ್ಚನ್ನು ತಣಿಸುವುದಕ್ಕಾಗಿ. ಅದು ತಾನಾಗಿ ನಿಲ್ಲುವ ಮುಂಚೆ ಸ್ವಿಚ್ಚು ಆರಿಸಬಾರದು.

ಎಲೆಕ್ಟ್ರೋಡಿನ ನಡುವಿನ ಚುಕ್ಕೆಯು ಒಂದೂವರೆ ಮಿಲಿಮೀಟರಿನಷ್ಟು ಕುಳಿಬಿದ್ದರೆ ಬದಲಾಯಿಸತಕ್ಕದ್ದು. ಇನ್ನೊಂದು ದಿನ ನಡೆಯಲಿ ಎಂದು ಬಿಟ್ಟವರ ಟಾರ್ಚೇ ಸುಟ್ಟಿರುವುದುಂಟು.

ಅಪಾಯಗಳು

ಟಾರ್ಚಿನಲ್ಲಿ 200 ವೋಲ್ಟಿಗೂ ಮೇಲ್ಪಟ್ಟ ನೇರ ವಿದ್ಯುತ್ತು ಇರುವುದು. ಮಳೆ ಬಿದ್ದ ಹೊಲ, ಒದ್ದೆ ಬಟ್ಟೆ, ಬರಿಗಾಲು ಇವು ಮೂರೂ ಸೇರಿದರೆ ಪ್ರಾಣಾಪಾಯ. ಬಿತ್ತನೆಯ ಕಾಲದಲ್ಲಿಯೇ ಈ ಯಂತ್ರವು ಬೇಕಾಗುವುದರಿಂದ ಈ ಮಾತನ್ನು ಹಗುರವಾಗಿ ತಿಳಿಯಕೂಡದು. ಒಣ ಹಲಗೆಯ ಮೇಲೆ, ರಬ್ಬರು ಬೂಟು ಹಾಕಿ ನಿಲ್ಲತಕ್ಕದ್ದು. ನಾಜಲನ್ನು ಬದಲಾಯಿಸುವ ಮುಂಚೆ ಸ್ವಿಚ್ಚು ಆರಿಸತಕ್ಕದ್ದು. ಮಳೆ ಹನಿಯುತ್ತಿದ್ದರೆ ಕೆಲಸವನ್ನೇ ನಿಲ್ಲಿಸತಕ್ಕದ್ದು. ಜ್ವಾಲೆಯನ್ನು ಬರಿಗಣ್ಣಿನಿಂದ ನೋಡಬಾರದು; 5 ಅಥವಾ 6ನೆಯ ನಂಬರಿನ ಕಪ್ಪು ಗಾಜು ಬೇಕು. ನೋಡಲು ಕೂಡುವ ಮಕ್ಕಳನ್ನು ದೂರ ಕಳುಹಿಸುವುದು ಊರಿನ ಹಿರಿಯರ ಕೆಲಸ.

ಕಿಡಿಗಳು 35 ಅಡಿಯವರೆಗೂ ಹಾರಬಲ್ಲುವು. ಹುಲ್ಲಿನ ಬಣವೆ, ಒಣ ಸೋಗೆ, ತೆಂಗಿನ ಗರಿಯ ಚಪ್ಪರ ಅದಕ್ಕಿಂತ ದೂರವಿರಬೇಕು. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಯಾರಾದರೂ ಒಬ್ಬರು ಅಲ್ಲಿಯೇ ಇದ್ದು ಹೊಗೆಯಾಡುವುದೇ ಎಂದು ನೋಡತಕ್ಕದ್ದು. ಮರಳಿನ ಬಕೆಟ್ಟು ಗಾಡಿಯ ಸಾಮಾನುಗಳಲ್ಲಿ ಒಂದಾಗಿರಲಿ. ವಿದ್ಯುತ್ತು ಹರಿಯುತ್ತಿರುವ ಯಂತ್ರದ ಮೇಲೆ ನೀರು ಎರಚಕೂಡದು.

ಡೀಸೆಲ್ಲು, ಸೀಮೆಎಣ್ಣೆ, ಕ್ರಿಮಿನಾಶಕ ಇದ್ದ ಡ್ರಮ್ಮುಗಳನ್ನು ದನಗಳ ನೀರಿನ ತೊಟ್ಟಿಯಾಗಿ ಮಾಡಲು ಕತ್ತರಿಸಿಕೊಡಿರೆಂದು ಕೇಳುವವರು ಹಲವರು. ಬರಿದಾಗಿ ವರ್ಷವಾದರೂ ಒಳಗೆ ಉಳಿದ ಆವಿಯು ಸಿಡಿದು ಕತ್ತರಿಸುವವನನ್ನು ಕೊಲ್ಲಬಹುದು. ಕ್ರಿಮಿನಾಶಕದ ಡ್ರಮ್ಮಾದರೆ ದನಗಳಿಗೂ ವಿಷ. ಇದನ್ನು ಯಾರು ಕೇಳಿದರೂ ಒಪ್ಪಬಾರದು. ಸತುವು ಬಳಿದ ಜಿ.ಐ. ತಗಡು, ಕೊಳವೆಗಳನ್ನು ಕತ್ತರಿಸುವಾಗ ಏಳುವ ಬಿಳಿ ಹೊಗೆಯನ್ನು ಸೇವಿಸಿದವರಿಗೆ ಆ ರಾತ್ರಿ ಚಳಿಜ್ವರ ಬರುವುದು. ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಡದೆ ಪಕ್ಕ ಮಾಡಿ ನಿಂತು, ಮುಖಕ್ಕೆ ತಕ್ಕ ಮಾಸ್ಕು ಹಾಕಿ ಮಾಡತಕ್ಕದ್ದು; ಮುಚ್ಚಿದ ಕೊಟ್ಟಿಗೆಯೊಳಗೆ ಎಂದೂ ಕೂಡದು.

ಯಾರು ಕೊಳ್ಳಬೇಕು?

ಒಂದೇ ಟ್ರ್ಯಾಕ್ಟರಿರುವ ಮನೆಗೆ ಈ ಗಾಡಿಯು ಅನಾವಶ್ಯಕ. ವರ್ಷದಲ್ಲಿ ನಾಲ್ಕು ದಿನದ ಕೆಲಸಕ್ಕಾಗಿ ಹಣವನ್ನು ಕಟ್ಟಿಹಾಕುವುದಕ್ಕಿಂತ ಬಾಡಿಗೆ ಕೊಡುವುದೇ ಲೇಸು. ನಾಲ್ಕಾರು ಗ್ರಾಮಗಳ ಉಪಕರಣಗಳನ್ನು ನೋಡಿಕೊಳ್ಳುವ ಒಂದು ಸಹಕಾರ ಸಂಘ, ರೈತರ ಗುಂಪು, ಅಥವಾ ಬೆಸುಗೆಯ ಕೆಲಸವನ್ನು ಬಲ್ಲ ಊರಿನ ಕಮ್ಮಾರನ ಕೈಯಲ್ಲಿ ಇದು ಬೆಲೆಯುಳ್ಳದ್ದು. ಉಪಕರಣಗಳನ್ನು ಹೋಬಳಿ ಮಟ್ಟದಲ್ಲಿ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆಯ ವ್ಯವಸ್ಥೆಯನ್ನು ಕರ್ನಾಟಕ ಸರ್ಕಾರವು 2014–15ರಲ್ಲಿ ಆರಂಭಿಸಿತು. ಬಾಡಿಗೆಯ ಉಪಕರಣವು ಒಬ್ಬರ ಹೊಲದಲ್ಲಿ ಮುರಿದರೆ ಸರದಿಯಲ್ಲಿರುವ ಎಲ್ಲರ ಬಿತ್ತನೆಯೂ ನಿಲ್ಲುವುದಾದುದರಿಂದ, ಬಾಡಿಗೆಗೆ ಕೊಡುವವರೇ ಇಂಥ ಗಾಡಿಯೊಂದನ್ನು ಇಟ್ಟುಕೊಳ್ಳುವುದು ಯುಕ್ತ.

ಗುಂಪಿನಲ್ಲಿ ಕೊಂಡಲ್ಲಿ ಗಾಡಿಯ ಜೊತೆಯಲ್ಲಿಯೇ ಒಂದು ಪುಸ್ತಕವನ್ನು ಕಟ್ಟಿ, ಯಾರು ಯಾವ ದಿನ ಒಯ್ದರು, ಎಷ್ಟು ನಾಜಲುಗಳು ಹೋದುವು, ಎಷ್ಟು ಉಳಿದುವು ಎಂಬುದನ್ನು ಬರೆಯಿಸತಕ್ಕದ್ದು. ಟಾರ್ಚು ಹಿಡಿಯುವವನು ಒಬ್ಬನೇ ಆಗಿರಲಿ. ಇಬ್ಬರಾದರೂ ಚಿಂತೆಯಿಲ್ಲ, ಹತ್ತು ಮಂದಿಯಾಗಬಾರದು. ಮಳೆಗಾಲ ಬರುವ ಒಂದು ತಿಂಗಳ ಮುಂಚೆ ಹಳೆಯ ಕಬ್ಬಿಣದ ತುಂಡಿನ ಮೇಲೆ ಯಂತ್ರವನ್ನು ನಡೆಸಿ ನೋಡಿ, ಗಾಲಿಗಳಿಗೆ ಗಾಳಿ ತುಂಬಿಸಿ, ಫಿಲ್ಟರಿನ ಬಟ್ಟಲನ್ನು ತೊಳೆದಿಡಬೇಕು. ಪ್ರತಿದಿನ ಕೆಲಸ ಮುಗಿದ ಮೇಲೆ ಕಂಪ್ರೆಸರಿನ ಗಾಳಿಯನ್ನು ಇಳಿಸಿ, ಟ್ಯಾಂಕಿನ ಅಡಿಯಲ್ಲಿರುವ ನಲ್ಲಿಯನ್ನು ತಿರುಗಿಸಿ ಕಂದು ಬಣ್ಣದ ನೀರೆಲ್ಲ ಹೋಗುವವರೆಗೆ ಬಿಟ್ಟು, ಆ ರಾತ್ರಿ ನಲ್ಲಿಯನ್ನು ತೆರೆದೇ ಇಡತಕ್ಕದ್ದು.